ಡಿಕ್ರಿ ಕೈಯಲ್ಲಿದೆ, ಹಣ ಎಲ್ಲಿದೆ?



ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಗೆದ್ದ ಹಣ ಮನೆಗೆ ಬರುವುದು ಬೇರೆ. ಇದು ಹೊಸ ಸಂಗತಿಯಲ್ಲ. ಈ ದೇಶದಲ್ಲಿ ಕಕ್ಷಿಗಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕಿದ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಆಡಿತ್ತು. 2025ರಲ್ಲಿ ನಮ್ಮ ಸುಪ್ರೀಂ ಕೋರ್ಟು ತಮಿಳುನಾಡಿನ ಒಂದು ಮೊಕದ್ದಮೆಯ ನಿಮಿತ್ತ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ತರಿಸಿ ನೋಡಿತು. ಡಿಕ್ರಿ ಅಮಲ್ಜಾರಿಗಾಗಿ ಹಾಕಿದ ಅರ್ಜಿಗಳು ಆಗ ದೇಶದಲ್ಲಿ 8 ಲಕ್ಷ 80 ಸಾವಿರಕ್ಕಿಂತಲೂ ಹೆಚ್ಚು ಬಾಕಿ ಬಿದ್ದಿದ್ದವು. ಅಷ್ಟೂ ಮಂದಿ ಗೆದ್ದವರೇ.

ನಮ್ಮ ಲೈನುಗಳಲ್ಲಿ ಇಂಥ ಡಿಕ್ರಿ ಹೇಗೆ ಹುಟ್ಟುತ್ತದೆಂದು ಎಲ್ಲರೂ ಬಲ್ಲೆವು. ಮೂವತ್ತು ವರ್ಷ ಎಲೆ ಕಿತ್ತು ರಿಟೈರಾದವರ ಕೈಗೆ ಗ್ರಾಚ್ಯುಟಿಯೂ ಪ್ರಾವಿಡೆಂಟ್ ಫಂಡೂ ಬರುತ್ತದೆ. ಪೇಟೆಯ ಒಬ್ಬ ದೊಡ್ಡ ಮನುಷ್ಯ ಬಡ್ಡಿಯ ಆಸೆ ತೋರಿಸಿ ಪ್ರೋನೋಟು ಬರೆದುಕೊಟ್ಟು ಅದನ್ನು ತೆಗೆದುಕೊಂಡು ಹೋಗುತ್ತಾನೆ. ಮೂರು ವರ್ಷದೊಳಗೆ ದಾವೆ ಹಾಕಿದರೆ ಡಿಕ್ರಿ ಆಗುತ್ತದೆ. ಆಮೇಲೆ ಅಮೀನ ಹೋಗಿ ನೋಡಿದರೆ ಮನೆ ಹೆಂಡತಿಯ ಹೆಸರಿನಲ್ಲಿ, ಜಮೀನು ಬ್ಯಾಂಕಿನ ಅಡಮಾನದಲ್ಲಿ. ‘ನನ್ನ ಹೆಸರಿನಲ್ಲಿ ಏನೂ ಇಲ್ಲ’ ಎಂದು ಸಾಲಗಾರ ಕೈ ಬೀಸುತ್ತಾನೆ. ಅದೇ ಮನುಷ್ಯ ಮೂವರು ಪಾಲುಗಾರರ ಟೀ ಕಾರ್ಖಾನೆಯಲ್ಲಿ ಒಬ್ಬ ಪಾಲುಗಾರ. ಒಂದು ಚಿಕ್ಕ ಕಂಪನಿಯಲ್ಲಿ ಷೇರುದಾರ. ಹಾಗಾದರೆ ಅವನಿಗೆ ಏನೂ ಇಲ್ಲವೆಂಬುದು ಸುಳ್ಳು. ಅವನಿಗೆ ಪಾಲು ಇದೆ. ಈ ಪಾಲನ್ನು ಹಿಡಿಯುವುದು ಹೇಗೆಂಬುದನ್ನೇ ನಮ್ಮವರು ತಿಳಿದುಕೊಳ್ಳಬೇಕು.

ಮೊದಲು ಒಂದು ಕಹಿ ಮಾತು. ‘ಕಾರ್ಖಾನೆಯ ಯಂತ್ರ ಜಪ್ತಿ ಮಾಡಿಸಿರಿ, ಲಾರಿ ಹಿಡಿಯಿರಿ’ ಎಂದು ನಮ್ಮಲ್ಲಿ ಅನೇಕರು ಕೂಗುತ್ತಾರೆ. ಒಬ್ಬ ಪಾಲುಗಾರನ ಸ್ವಂತ ಸಾಲಕ್ಕೆ ಸಂಸ್ಥೆಯ ಸೊತ್ತನ್ನು ಜಪ್ತಿ ಮಾಡಲು ಕಾನೂನು ಬಿಡುವುದಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 21ನೇ ಆರ್ಡರಿನ 49ನೇ ರೂಲು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದು ಸಾಹುಕಾರರಿಗಾಗಿ ಮಾಡಿದ ಕಾನೂನೆಂದು ಮೊದಲ ನೋಟಕ್ಕೆ ಕಾಣುತ್ತದೆ. ನಾವು ಹಾಗೆ ಎಣಿಸುವುದಿಲ್ಲ.

ಇಂಗ್ಲೆಂಡಿನಲ್ಲಿ 1890ರ ತನಕ ಒಬ್ಬ ಪಾಲುಗಾರನ ಖಾಸಗಿ ಸಾಲಕ್ಕೆ ಅಧಿಕಾರಿ ಬಂದು ಇಡೀ ಸಂಸ್ಥೆಯ ಸಾಮಾನಿನ ಮೇಲೆ ಕೈ ಹಾಕಬಹುದಾಗಿತ್ತು. ಸಾಲ ಒಬ್ಬನದು, ನಿಂತುಹೋಗುವುದು ಎಲ್ಲರ ವ್ಯಾಪಾರ. ಆ ವರ್ಷ ಬಂದ ಪಾಲುಗಾರಿಕೆ ಕಾಯಿದೆ ಅದನ್ನು ತಡೆದು, ಸಾಲಗಾರನ ಪಾಲಿನ ಮೇಲೆ ಮಾತ್ರ ಹೊರೆ ಹಾಕುವ ದಾರಿಯನ್ನು ತೋರಿಸಿತು. ನಮ್ಮ 49ನೇ ರೂಲು ಅದೇ ದಾರಿಯದು. ಯೋಚಿಸಿ ನೋಡಿರಿ: ಎಲೆ ಒಣಗಿಸುವ ಯಂತ್ರವನ್ನು ಬಿಚ್ಚಿ ಹರಾಜು ಹಾಕಿದರೆ ಮೊದಲು ಕೂಲಿ ಕಳೆದುಕೊಳ್ಳುವವರು ಯಾರು? ಅಲ್ಲಿ ದುಡಿಯುವ ನಮ್ಮಂಥವರೇ. ಆ ಕಾರ್ಖಾನೆಗೆ ಎಲೆ ಹಾಕಿ ದುಡ್ಡಿಗಾಗಿ ಕಾಯುತ್ತಿರುವ ಸಣ್ಣ ಬೆಳೆಗಾರರೂ ಕೆಡುತ್ತಾರೆ. ಒಬ್ಬನ ಸಾಲಕ್ಕೆ ನಲವತ್ತು ಮನೆಯ ಒಲೆ ಆರಿಸುವುದು ನ್ಯಾಯವಲ್ಲ. ಹಸುವನ್ನು ಕೊಂದರೆ ಹಾಲು ಸಿಗದು.

ಹಾಗಾದರೆ ಹಾಲು ಕರೆಯುವುದು ಹೇಗೆ? ಡಿಕ್ರಿದಾರನು ಅರ್ಜಿ ಹಾಕಿದರೆ ಕೋರ್ಟು ಆ ಪಾಲುಗಾರನ ಪಾಲಿನ ಮೇಲೂ ಲಾಭದ ಮೇಲೂ ಡಿಕ್ರಿಯ ಮೊತ್ತವನ್ನು ಹೊರೆಯಾಗಿ ಹೊರಿಸಬಹುದು. ಅವನಿಗೆ ಬರತಕ್ಕ ಲಾಭವನ್ನು ವಸೂಲು ಮಾಡಲು ಒಬ್ಬ ರಿಸೀವರನ್ನು ನೇಮಿಸಬಹುದು. ಸಂಸ್ಥೆಯ ಲೆಕ್ಕ ತೋರಿಸಲು ಆಜ್ಞೆ ಮಾಡಬಹುದು. ಕೊನೆಗೆ ಆ ಪಾಲನ್ನೇ ಮಾರಿಸಬಹುದು. ಅರ್ಜಿಯ ನೋಟೀಸು ಉಳಿದ ಪಾಲುಗಾರರಿಗೂ ಹೋಗಬೇಕು. ಹಣ ಕಟ್ಟಿ ಆ ಪಾಲನ್ನು ಬಿಡಿಸಿಕೊಳ್ಳುವ ಹಕ್ಕು ಅವರಿಗಿದೆ. ನಮ್ಮ ಬಲ ಇರುವುದು ಇಲ್ಲಿಯೇ. ಯಾಕಂದರೆ ಹೊರಗಿನವನೊಬ್ಬ ತಮ್ಮ ಲೆಕ್ಕದ ಪುಸ್ತಕ ತೆರೆಯುವುದು ಯಾವ ಪಾಲುಗಾರನಿಗೂ ಹಿಡಿಸದು. ಅದೂ ಅಲ್ಲದೆ, ಒಬ್ಬನ ಪಾಲು ಹೀಗೆ ಹೊರೆಗೆ ಸಿಕ್ಕಿದರೆ ಸಂಸ್ಥೆಯನ್ನೇ ಮುರಿಸಿಕೊಡಬೇಕೆಂದು ಉಳಿದವರು ಕೋರ್ಟಿಗೆ ಹೋಗಲು 1932ರ ಪಾಲುಗಾರಿಕೆ ಕಾಯಿದೆಯ 44ನೇ ಕಲಮಿನಲ್ಲಿ ಅವಕಾಶವಿದೆ. ಈ ಭಯವಿರುವುದರಿಂದ, ಅಮೀನನಿಗೆ ಬಗ್ಗದವನನ್ನು ಅವನ ಪಾಲುಗಾರರೇ ಬಗ್ಗಿಸುವುದುಂಟು.

ಕಂಪನಿಯ ಷೇರಿನ ವಿಷಯ ಬೇರೆ. ಷೇರು ಇದ್ದವನು ಕಂಪನಿಯ ತೋಟಕ್ಕೆ ಒಡೆಯನಲ್ಲ. ಇದನ್ನು ಸುಪ್ರೀಂ ಕೋರ್ಟು 1954ರಲ್ಲಿ ಬಾಚಾ ಗುಜ್ದಾರ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ವಿಶೇಷವೇನೆಂದರೆ ಅದು ಟೀ ಕಂಪನಿಗಳ ಷೇರಿನ ಪ್ರಶ್ನೆಯೇ ಆಗಿತ್ತು. ಟೀ ಕಂಪನಿಯಿಂದ ಬಂದ ಡಿವಿಡೆಂಡು ಬೇಸಾಯದ ಆದಾಯವೆಂದು ಷೇರುದಾರಳು ವಾದಿಸಿದಳು. ತೋಟ ಕಂಪನಿಯದು, ಷೇರುದಾರಳಿಗೆ ಅದರಲ್ಲಿ ಹಕ್ಕಿಲ್ಲವೆಂದು ಕೋರ್ಟು ಹೇಳಿತು. ಆದಕಾರಣ ಷೇರುದಾರನ ಸಾಲಕ್ಕೆ ತೋಟದ ಒಂದು ಗಿಡವನ್ನೂ ಮುಟ್ಟುವಂತಿಲ್ಲ. ಆದರೆ ಷೇರು ಅವನ ಸ್ವಂತ ಸೊತ್ತು. 46ನೇ ರೂಲಿನಂತೆ ಕೋರ್ಟು ಅವನಿಗೂ ಕಂಪನಿಯ ಅಧಿಕಾರಿಗೂ ತಡೆಯಾಜ್ಞೆ ಕಳುಹಿಸಿದರೆ ಅವನು ಷೇರನ್ನು ಬೇರೆಯವರಿಗೆ ವರ್ಗಾಯಿಸಲಾರ, ಡಿವಿಡೆಂಡು ಎತ್ತಲಾರ. ಮುಂದೆ ಷೇರನ್ನು ಮಾರಿಸಬಹುದು. ಜಪ್ತಿಯಾದ ಮೇಲೆ ಗುಟ್ಟಾಗಿ ಭಾಮೈದನ ಹೆಸರಿಗೆ ಮಾಡಿದರೂ ಅದು ಡಿಕ್ರಿದಾರನ ಎದುರಿಗೆ ನಿಲ್ಲದೆಂದು 64ನೇ ಕಲಮು ಹೇಳುತ್ತದೆ. ಮನೆಮಂದಿಯ ಕಂಪನಿಯ ಷೇರಿಗೆ ಕೊಳ್ಳುವವರು ಸಿಗುವುದು ಕಷ್ಟ, ನಿಜ. ಅಂಥಲ್ಲಿ ಇನ್ನೊಂದನ್ನು ವಿಚಾರಿಸಿರಿ: ಅವನು ಕಂಪನಿಗೆ ಸಾಲವಾಗಿ ಕೊಟ್ಟ ಹಣವಿದೆಯೇ? ಕಂಪನಿ ಅವನಿಗೆ ಕೊಡಬೇಕಾದ ಆ ಸಾಲವೂ ಜಪ್ತಿಗೆ ಬರುತ್ತದೆ.

ಇಷ್ಟು ಹೇಳಿದ್ದು ಒಬ್ಬನ ಸ್ವಂತ ಸಾಲದ ಮಾತು. ಸಾಲ ಸಂಸ್ಥೆಯದೇ ಆದರೆ ಲೆಕ್ಕ ತಿರುಗಿ ನಿಲ್ಲುತ್ತದೆ. ಕಾರ್ಖಾನೆಯೇ ಎಲೆಯ ದುಡ್ಡನ್ನೋ ಕೂಲಿಯನ್ನೋ ಉಳಿಸಿಕೊಂಡಿದ್ದರೆ, 1932ರ ಕಾಯಿದೆಯ 25ನೇ ಕಲಮಿನ ಪ್ರಕಾರ ಪ್ರತಿಯೊಬ್ಬ ಪಾಲುಗಾರನೂ ಪೂರ್ತಿ ಸಾಲಕ್ಕೆ ಹೊಣೆ. ಆಗ ಯಂತ್ರವೂ ಸಿಕ್ಕುತ್ತದೆ, ಪಾಲುಗಾರರ ಸ್ವಂತ ಮನೆಯೂ ಸಿಕ್ಕುತ್ತದೆ. ಆದರೆ ಒಂದು ಎಚ್ಚರಿಕೆ: ದಾವೆಯಲ್ಲಿ ಸಂಸ್ಥೆಯ ಹೆಸರು ಮಾತ್ರ ಬರೆದು ಸುಮ್ಮನಿದ್ದರೆ, ಆಮೇಲೆ ಒಬ್ಬೊಬ್ಬ ಪಾಲುಗಾರನ ಮನೆಬಾಗಿಲಿಗೆ ಹೋಗುವಾಗ ತೊಡಕು ಬರುತ್ತದೆ. ಆದುದರಿಂದ ಮೊದಲ ದಿನವೇ ಪ್ರತಿ ಪಾಲುಗಾರನ ಹೆಸರಿಗೂ ಬೇರೆ ಬೇರೆಯಾಗಿ ಸಮನ್ಸು ಮುಟ್ಟುವಂತೆ ವಕೀಲರಿಗೆ ಹೇಳಿರಿ. ಮೊದಲ ದಿನ ಬಿಟ್ಟ ಹೆಸರು ಕೊನೆಯ ದಿನ ಕೈಗೆ ಸಿಗುವುದಿಲ್ಲ.

ಕೂಲಿ ಬಾಕಿಗೆ ಸಿವಿಲ್ ಕೋರ್ಟೇ ಬೇಕೆಂದಿಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಸರಕಾರವು ಕಲೆಕ್ಟರಿಗೆ ಸರ್ಟಿಫಿಕೇಟು ಕೊಟ್ಟು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ದಾರಿಯಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ದಾರಿ ಅದರಲ್ಲಿಯೂ ಉಳಿದಿದೆ. ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಬಾಕಿದಾರ ಕಂಪನಿಯಾಗಿ, ಅದು ದಿವಾಳಿಯಾಗಿ ಮುಚ್ಚಿದರೆ, 2016ರ ದಿವಾಳಿ ಸಂಹಿತೆಯಂತೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಬ್ಯಾಂಕಿನ ಅಡಮಾನ ಸಾಲದ ಸಮಾನ ಸ್ಥಾನವಿದೆ. ಕಂಪನಿ ಮುಚ್ಚಿತೆಂದು ಅತ್ತು ಮನೆಗೆ ಹೋಗಬೇಡಿರಿ.

ಈಗ ನಮ್ಮ ದೂರು. ಕಾನೂನಿನ ದಾರಿ ಸರಿಯಾಗಿದೆ; ಹುಡುಕುವ ಹೊರೆ ಮಾತ್ರ ಬಡವನ ತಲೆಯ ಮೇಲಿದೆ. ಯಾರ ಪಾಲು ಎಲ್ಲಿದೆ ಎಂದು ಲೈನಿನಲ್ಲಿ ಕುಳಿತ ಹೆಂಗಸು ಹೇಗೆ ಬಲ್ಲಳು? ಡಿಕ್ರಿಯಾಗಿ 30 ದಿನ ಕಳೆದರೂ ಹಣ ಕಟ್ಟದವನಿಂದ ಅವನ ಆಸ್ತಿಪಾಸ್ತಿಯ ಅಫಿಡವಿಟ್ಟನ್ನು ಕೋರ್ಟು ಕೇಳಬಹುದೆಂದು 41ನೇ ರೂಲು ಹೇಳುತ್ತದೆ. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳುಹಿಸಬಹುದು. ಆದರೆ ಇದಕ್ಕೆ ಡಿಕ್ರಿದಾರನೇ ಅರ್ಜಿ ಹಾಕಬೇಕು. ಅರ್ಜಿ ಇಲ್ಲದೆಯೇ ಪ್ರತಿ ಹಣದ ಡಿಕ್ರಿಯಲ್ಲಿಯೂ ಕೋರ್ಟು ತಾನಾಗಿ ಇದನ್ನು ಕೇಳಬೇಕು, ಪಾಲು, ಷೇರು, ಕೊಟ್ಟ ಸಾಲ ಎಲ್ಲವೂ ಅದರಲ್ಲಿ ಬರಬೇಕು ಎಂಬುದು ನಮ್ಮ ಒತ್ತಾಯ. ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಆಸ್ತಿ ಎಲ್ಲಿದೆಯೆಂದು ತಿಳಿಯಲಿಕ್ಕೇ ಆರು ವರ್ಷ ಹಿಡಿದರೆ ಆ ಮಾತು ಕಾಗದದಲ್ಲಿಯೇ ಉಳಿಯುತ್ತದೆ.

ಈ ಒತ್ತಾಯವನ್ನು ಹೆಚ್ಚೆನ್ನುವವರು ಹಳೆಯ ಕಾಲವನ್ನು ನೆನೆಯಲಿ. ಮೇಸ್ತ್ರಿಯಿಂದ ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು 1859ರ ಕರಾರುಭಂಗದ ಕಾಯಿದೆಯ ಕೆಳಗೆ ಮೂರು ತಿಂಗಳವರೆಗೆ ಕಠಿಣ ಸಜೆಗೆ ಕಳುಹಿಸುತ್ತಿದ್ದರು. 1925ರಲ್ಲಿ ಅದನ್ನು ರದ್ದು ಮಾಡುವ ಕಾನೂನು ಬರುವ ತನಕ ಬಡವನ ಸಾಲಕ್ಕೆ ಅವನ ಮೈಯೇ ಜಾಮೀನಾಗಿತ್ತು. ಇಂದು ಕೂಲಿಕಾರನ ಕೂಲಿಯನ್ನು ಯಾವ ಡಿಕ್ರಿಗೂ ಜಪ್ತಿ ಮಾಡಬಾರದೆಂದು 60ನೇ ಕಲಮು ಕಾಪಾಡುತ್ತದೆ. ಒಳ್ಳೆಯದೇ. ಉಳ್ಳವನ ಮೈಯನ್ನು ನಾವು ಕೇಳುತ್ತಿಲ್ಲ, ಅವನ ಪಾಲನ್ನು ಕೇಳುತ್ತಿದ್ದೇವೆ.

ಕಾನೂನು ತಿದ್ದುವ ತನಕ ನಮ್ಮ ಕೈಲಾದದ್ದನ್ನು ಮಾಡೋಣ. ರಿಜಿಸ್ಟರಾದ ಪಾಲುಗಾರಿಕೆ ಸಂಸ್ಥೆಗಳ ಪುಸ್ತಕವನ್ನು ಫೀಸು ಕಟ್ಟಿ ಯಾರೂ ನೋಡಬಹುದು. ಕಂಪನಿಯ ದಾಖಲೆಗಳೂ ಹಾಗೆಯೇ. ಡಿಕ್ರಿಗೆ 12 ವರ್ಷದ ಆಯುಸ್ಸಿದೆ. ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಮರೆಯಬೇಡಿರಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕೈಗಾರಿಕಾ ಕಾರ್ಮಿಕರಿಗೂ 1987ರ ಕಾಯಿದೆಯಂತೆ ಕಾನೂನು ನೆರವು ಧರ್ಮಾರ್ಥ ಸಿಗುತ್ತದೆ. ತಾಲೂಕು ಕೋರ್ಟಿನಲ್ಲಿ ಕೇಳಿರಿ. ನೀಲಗಿರಿಯಲ್ಲಿ ಕಾಗದ ತಮಿಳಿನಲ್ಲಿಯೋ ವಯನಾಡಿನಲ್ಲಿ ಮಲಯಾಳದಲ್ಲಿಯೋ ಇರುತ್ತದೆ. ಓದಿಸಿ ಅರ್ಥ ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿರಿ. ಇನ್ನು ಮುಂದೆ ರಿಟೈರಾದ ಹಣವನ್ನು ಪ್ರೋನೋಟಿನ ಮೇಲೆ ಯಾರಿಗಾದರೂ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿರಿ: ಈ ಸಾಲ ನಿನ್ನದೋ, ನಿನ್ನ ಸಂಸ್ಥೆಯದೋ? ಉತ್ತರವನ್ನು ಬರಹದಲ್ಲಿ, ಎಲ್ಲ ಪಾಲುಗಾರರ ರುಜುವಿನೊಂದಿಗೆ ತೆಗೆದುಕೊಳ್ಳಿರಿ. ರುಜು ಹಾಕಲು ಅವರು ಹಿಂಜರಿದರೆ ನಿಮ್ಮ ಹಣ ಪೋಸ್ಟಾಫೀಸಿನಲ್ಲಿಯೇ ಇರಲಿ.