ಇಲ್ಲದ ಬಣ್ಣ ಬಳಿಯಬೇಡಿ

ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ಹೊಸ ಚಟವೊಂದು ಈಗ ಎಲ್ಲೆಡೆ ಹಬ್ಬಿದೆ. ಹಿಂದೆ ಇದಕ್ಕೆ ಕುಂಚ ಬೇಕಿತ್ತು, ತಾಳ್ಮೆ ಬೇಕಿತ್ತು. ಈಗ ಗುಂಡಿಯೊಂದನ್ನು ಒತ್ತಿದರೆ ಸಾಕು, ಕಂಪ್ಯೂಟರೇ ಆಕಾಶಕ್ಕೆ ನೀಲಿ, ಹುಲ್ಲಿಗೆ ಹಸಿರು, ಮುಖಕ್ಕೆ ಗೋಧಿ ಬಣ್ಣ ತುಂಬಿಕೊಡುತ್ತದೆ. ಅದರ ಕೆಳಗೆ 'ಎರಡನೆಯ ಮಹಾಯುದ್ಧದ ಅಪರೂಪದ ವರ್ಣಚಿತ್ರ' ಎಂದು ಬರೆದು ಊರಿಗೆಲ್ಲ ಹಂಚುತ್ತಾರೆ. ಯುದ್ಧವಿಮಾನಗಳ ಚಿತ್ರಗಳಿಗಂತೂ ಈ ಹಾವಳಿ ವಿಪರೀತ. ಮಕ್ಕಳು ಬೆರಗಾಗಿ ನೋಡುತ್ತಾರೆ, ದೊಡ್ಡವರು ಮೆಚ್ಚಿ ತಲೆದೂಗುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಕೇಳುವವರೂ ಇದ್ದಾರೆ. ತಪ್ಪಿದೆ, ಅದು ಸಣ್ಣ ತಪ್ಪೇನೂ ಅಲ್ಲ ಎಂಬುದೇ ನನ್ನ ವಾದ.

ನಿಜವಾದ ಅಪರೂಪದ ವರ್ಣಚಿತ್ರಗಳು ಇಲ್ಲವೆಂದಲ್ಲ, ಇವೆ. ಅಮೆರಿಕದ ಕೊಡಕ್ ಕಂಪನಿ 1935ರಲ್ಲಿ ಕೊಡಾಕ್ರೋಮ್ ಎಂಬ ಬಣ್ಣದ ಫಿಲಂ ಅನ್ನು ಸಿನಿಮಾ ಕ್ಯಾಮೆರಾಗಳಿಗಾಗಿ ಹೊರತಂದಿತು. ಮರುವರ್ಷ ಅದು ಸ್ಥಿರಚಿತ್ರದ ಕ್ಯಾಮೆರಾಗಳಿಗೂ ಬಂತು. ಅದನ್ನು ಕಂಡುಹಿಡಿದ ಲಿಯೋಪೋಲ್ಡ್ ಮ್ಯಾನೆಸ್ ಮತ್ತು ಲಿಯೋಪೋಲ್ಡ್ ಗೊಡೋವ್‌ಸ್ಕಿ ಇಬ್ಬರೂ ಸಂಗೀತಗಾರರು ಎಂದರೆ ಆಶ್ಚರ್ಯವಾಗುತ್ತದೆ. ಆ ಫಿಲಂ ಬಹಳ ನಿಧಾನದ್ದು. ಚೆನ್ನಾಗಿ ಬಿಸಿಲಿರಬೇಕು ಅಥವಾ ಫ್ಲ್ಯಾಷ್ ದೀಪ ಹಾಕಬೇಕು, ಎದುರಿಗಿರುವವರು ಅಲುಗಾಡಬಾರದು. ತೊಳೆಯುವ ಕ್ರಮವೂ ಸಾಮಾನ್ಯರ ಕೈಗೆ ನಿಲುಕುವಂಥದ್ದಲ್ಲ. 2009ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಅದನ್ನು ತೊಳೆದುಕೊಡುತ್ತಿದ್ದ ಕೊನೆಯ ಅಂಗಡಿ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಊರಿನಲ್ಲಿತ್ತು. ಅದೂ 2010ರ ಕೊನೆಗೆ ಆ ಕೆಲಸಕ್ಕೆ ಕೈಮುಗಿಯಿತು.

ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರದ ಯುದ್ಧ ಮಾಹಿತಿ ಕಚೇರಿಯ ಛಾಯಾಗ್ರಾಹಕರು ಈ ಫಿಲಂ ಹಿಡಿದು ವಿಮಾನ ಕಾರ್ಖಾನೆಗಳಿಗೂ ನೌಕಾದಳದ ವಾಯುನೆಲೆಗಳಿಗೂ ಹೋದರು. ಆಲ್‌ಫ್ರೆಡ್ ಪಾಮರ್, ಹೊವಾರ್ಡ್ ಹೋಲೆಮ್ ಅವರಲ್ಲಿ ಮುಖ್ಯರು. ಹೋಲೆಮ್ 1942ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ನೆಲೆಯಲ್ಲಿ ತೆಗೆದ ಚಿತ್ರಗಳನ್ನು ನೋಡಿದರೆ ನಿನ್ನೆ ಮೊನ್ನೆ ತೆಗೆದಂತಿವೆ. ಅಲ್ಲಿ ಕ್ಯಾಟಲಿನಾ ಎಂಬ ಫ್ಲೈಯಿಂಗ್ ಬೋಟ್‌ಗಳಿವೆ. ಫ್ಲೈಯಿಂಗ್ ಬೋಟ್ ಎಂದರೆ ಹಾರುವ ದೋಣಿ. ಹೊಟ್ಟೆ ದೋಣಿಯಂತೆ, ಮೇಲೆ 104 ಅಡಿ ಅಗಲದ ರೆಕ್ಕೆ, ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುವ ವಿಮಾನ. ಅವುಗಳ ಸುತ್ತ ಕೆಲಸ ಮಾಡುವ ಹೆಂಗಸರಿದ್ದಾರೆ. ಒಬ್ಬಾಕೆಯ ಗಂಡ ಯುದ್ಧದ ಮೊದಲ ದಿನಗಳಲ್ಲೇ ಸತ್ತಿದ್ದಾನೆ, ಆಕೆ ದುರಸ್ತಿ ವಿಭಾಗದಲ್ಲಿ ಮೇಲ್ವಿಚಾರಕಿ. ಇನ್ನೊಬ್ಬಾಕೆ ವಿಮಾನದ ರೆಕ್ಕೆಯ ಮೇಲೆ ಅಮೆರಿಕದ ಲಾಂಛನ ಬರೆಯುತ್ತಿದ್ದಾಳೆ. ನೀಲಿ ವೃತ್ತ, ಅದರೊಳಗೆ ಬಿಳಿ ನಕ್ಷತ್ರ.

ಆ ನಕ್ಷತ್ರದ ನಡುವೆ ಕೆಲವೇ ತಿಂಗಳ ಹಿಂದಿನವರೆಗೆ ಒಂದು ಕೆಂಪು ಬೊಟ್ಟು ಇತ್ತು. ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯ. ಆಕಾಶದಲ್ಲಿ ಓಡುವ ವಿಮಾನದ ಮೇಲೆ ಚೂರು ಕೆಂಪು ಕಂಡರೂ ಸಾಕು, ಕೆಳಗಿನ ತೋಪುಗಾರ ತನ್ನವರನ್ನೇ ವೈರಿಯೆಂದು ಬಗೆದು ಹೊಡೆದುಬಿಡಬಹುದು. ಆ ಭಯದಿಂದ 1942ರ ಮೇ ತಿಂಗಳಲ್ಲಿ ಕೆಂಪನ್ನು ತೆಗೆದುಹಾಕಲು ಆಜ್ಞೆಯಾಯಿತು. ಅದೇ ಕಾರಣಕ್ಕೆ ನಮ್ಮ ಬರ್ಮಾ ಗಡಿಯಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ವಿಮಾನಗಳೂ, ಭಾರತೀಯ ವಾಯುಪಡೆಯ ವಿಮಾನಗಳೂ ಕೆಂಪನ್ನು ಅಳಿಸಿಕೊಂಡವು. ಬ್ರಿಟಿಷರ ಲಾಂಛನದ ನಡುವೆ ಇದ್ದದ್ದೂ ಕೆಂಪು ಬೊಟ್ಟೇ. 1943ರ ಹೊತ್ತಿಗೆ ಈ ಭಾಗದಲ್ಲಿ ಅದರ ಜಾಗದಲ್ಲಿ ಗಾಢ ನೀಲಿಯ ವೃತ್ತ, ಅದರೊಳಗೆ ತೆಳು ನೀಲಿಯ ಬೊಟ್ಟು ಬಂತು. ನಮ್ಮಲ್ಲಿ ಕೆಂಪು ಬೊಟ್ಟು ಅಳಿಸಿದರೆ ಯಾರೋ ಸತ್ತರೆಂದು ಅರ್ಥ. ಅಲ್ಲಿ ಯಾರೂ ಸಾಯದಿರಲೆಂದು ಅಳಿಸಿದರು.

ಈಗ ಹೇಳಿ, ಬಣ್ಣ ಎಂಬುದು ಬರೀ ಅಲಂಕಾರವೇ?

ಕಳೆದ ವರ್ಷ ನಮ್ಮ ಶಾಲೆಯ ಪ್ರದರ್ಶನಕ್ಕೆ ಹುಡುಗನೊಬ್ಬ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಂದ ಚಿತ್ರದ ಕೆಳಗೆ '1944, ಬರ್ಮಾ ರಂಗದಲ್ಲಿ ಭಾರತೀಯ ವಾಯುಪಡೆಯ ಹರಿಕೇನ್ ವಿಮಾನ, ಅಪರೂಪದ ವರ್ಣಚಿತ್ರ' ಎಂದಿತ್ತು. ರೆಕ್ಕೆಯ ಮೇಲೆ ಢಾಳಾದ ಕೆಂಪು ಬೊಟ್ಟು! ಹುಡುಗನ ತಪ್ಪೇನೂ ಇಲ್ಲ, ಯಾರೋ ಕೊಟ್ಟದ್ದನ್ನು ಅವನು ನಂಬಿದ್ದ. ಆದರೆ ಆ ವರ್ಷ ಆ ಆಕಾಶದಲ್ಲಿ ಆ ಬೊಟ್ಟಿಟ್ಟುಕೊಂಡು ಹಾರಿದವನನ್ನು ಅವನ ಕಡೆಯವರೇ ಹೊಡೆದು ಉರುಳಿಸುವ ಸಂಭವವಿತ್ತು. ನಮ್ಮ ಹುಡುಗರು ಪ್ರಾಣ ಉಳಿಸಿಕೊಳ್ಳಲು ಅಳಿಸಿದ ಗುರುತನ್ನು ಎಂಬತ್ತು ವರ್ಷಗಳ ಮೇಲೆ ನಾವು ಕೂತಲ್ಲೇ ಕೂತು ಮತ್ತೆ ಬಳಿದೆವು. ಇದಕ್ಕೆ ಚಿತ್ರಕ್ಕೆ ಜೀವ ತುಂಬುವುದು ಎಂದು ಹೆಸರು!

ಕಂಪ್ಯೂಟರಿಗೆ ಇದು ಗೊತ್ತಾಗುವ ದಾರಿ ಇಲ್ಲ. ಕಪ್ಪು ಬಿಳುಪು ಫಿಲಂಗೆ ತಿಳಿಯುವುದು ಬೆಳಕಿನ ಹೆಚ್ಚು ಕಡಿಮೆ ಮಾತ್ರ. ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯ ಫಿಲಂಗೆ ಕೆಂಪು ಕಾಣುವುದೇ ಇಲ್ಲ; ಕುಂಕುಮವೂ ಕಾಡಿಗೆಯೂ ಒಂದೇ ಕಪ್ಪು. ನೀಲಿ ಮಾತ್ರ ಬೆಳ್ಳಗೆ ಬರುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲಂನ ಲೆಕ್ಕ ಬೇರೆ. ಯಾವ ಚಿತ್ರ ಯಾವ ಫಿಲಂನದೆಂದು ಹಾಳೆ ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ಯಂತ್ರ ಮಾಡುವುದು ಇಷ್ಟೇ: ತಾನು ಹಿಂದೆ ನೋಡಿದ ಸಾವಿರಾರು ಚಿತ್ರಗಳಲ್ಲಿ ಹೆಚ್ಚಾಗಿ ಯಾವ ಬಣ್ಣವಿತ್ತೋ ಅದನ್ನೇ ಇಲ್ಲೂ ಬಳಿಯುತ್ತದೆ. ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ ಎಂಬಂತೆ. ಎಲ್ಲ ಕಡೆ ಇದ್ದದ್ದನ್ನು ಅದು ಊಹಿಸಬಲ್ಲದು. ಒಂದೇ ಕಡೆ, ಒಂದೇ ಕಾಲದಲ್ಲಿ, ಒಂದೇ ಕಾರಣಕ್ಕೆ ಇದ್ದದ್ದನ್ನು ಊಹಿಸಲಾರದು. ಇತಿಹಾಸ ಇರುವುದೇ ಆ ಎರಡನೆಯದರಲ್ಲಿ.

ನಮ್ಮ ಬೆಂಗಳೂರಿನದೇ ಉದಾಹರಣೆ ತೆಗೆದುಕೊಳ್ಳಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಆಗ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು ಕಾರ್ಖಾನೆಗೆ ಬರುತ್ತಿದ್ದವು. ಸಮುದ್ರವೇ ಇಲ್ಲದ ಊರಿನ ಕೆರೆಗೆ ಹಾರುವ ದೋಣಿಗಳು! ಆ ದಿನ ಆ ಕೆರೆಯ ನೀರು ಯಾವ ಬಣ್ಣದ್ದಾಗಿತ್ತು? ಮಳೆಗಾಲದ ಕೆಮ್ಮಣ್ಣಿನ ಬಣ್ಣವೋ, ಪಾಚಿಯ ಹಸಿರೋ, ಬೇಸಗೆಯ ಬೂದಿಯೋ? ಯಂತ್ರವನ್ನು ಕೇಳಿದರೆ ತಡವಿಲ್ಲದೆ ನೀಲಿ ಎನ್ನುತ್ತದೆ. 2015ರಲ್ಲೂ 2017ರಲ್ಲೂ ನೊರೆ ಕಾರಿ ಬೆಂಕಿ ಹತ್ತಿಕೊಂಡ ಕೆರೆ ಅದು. ಒಂದು ಕಾಲಕ್ಕೆ ಅದರ ನೀರು ಹೇಗಿತ್ತು ಎಂಬುದು ಇಂದು ಬರೀ ಕುತೂಹಲದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಸುಳ್ಳು ನೀಲಿಯನ್ನು ಉತ್ತರವಾಗಿ ಕೊಡುವುದಕ್ಕಿಂತ ಬೂದಿ ಬಣ್ಣದ ಮೌನವೇ ಮೇಲು.

'ಮಕ್ಕಳು ಕಪ್ಪು ಬಿಳುಪು ನೋಡುವುದಿಲ್ಲ ಮೇಡಂ, ಬಣ್ಣವಿದ್ದರೆ ಆಸಕ್ತಿ ಬರುತ್ತದೆ' ಎಂದು ನನ್ನ ಸಹೋದ್ಯೋಗಿಗಳೇ ಹೇಳುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಧೈರ್ಯದಿಂದ ಹೇಳುತ್ತೇನೆ, ಮಕ್ಕಳಿಗೆ ಬೇಕಿರುವುದು ಬಣ್ಣವಲ್ಲ, ಕಾರಣ. ಆ ಕೆಂಪು ಬೊಟ್ಟಿನ ಕಥೆಯನ್ನು ಒಂಬತ್ತನೇ ತರಗತಿಗೆ ಹೇಳಿದಾಗ ಬೆಲ್ ಹೊಡೆದರೂ ಒಬ್ಬರೂ ಎದ್ದಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಮಸುಕಾದ ಕಪ್ಪು ಬಿಳುಪು ಚಿತ್ರ ಮತ್ತು ಒಂದು ತುಂಡು ಸೀಮೆಸುಣ್ಣ.

ಹಾಗಾದರೆ ನಮ್ಮ ಸ್ಟುಡಿಯೋಗಳವರು ಹಿಂದೆ ಚಿತ್ರಗಳಿಗೆ ಕೈಯಿಂದ ಬಣ್ಣ ಹಾಕುತ್ತಿರಲಿಲ್ಲವೇ? ಹಾಕುತ್ತಿದ್ದರು. ಅಜ್ಜಿಯ ಸೀರೆಗೆ ಹಸಿರು, ತುಟಿಗೆ ಒಂದಿಷ್ಟು ಗುಲಾಬಿ ಹಚ್ಚುತ್ತಿದ್ದರು. ಆದರೆ ಆ ಬಣ್ಣ ತಾನು ಬಣ್ಣವೆಂದು ಒಪ್ಪಿಕೊಂಡಿತ್ತು, ಕುಂಚದ ಗೆರೆ ಕಾಣುತ್ತಿತ್ತು. 1965ರ 'ಸತ್ಯ ಹರಿಶ್ಚಂದ್ರ' ಚಿತ್ರವನ್ನು 2008ರಲ್ಲಿ ಬಣ್ಣದಲ್ಲಿ ಬಿಡುಗಡೆ ಮಾಡಿದಾಗಲೂ ಬಣ್ಣ ಸೇರಿಸಿದ್ದೇವೆ ಎಂದು ಹೇಳಿಕೊಂಡೇ ಮಾಡಿದರು. ಅದು ಕಥೆ, ಹರಿಶ್ಚಂದ್ರನ ಕಿರೀಟ ಯಾವ ಬಣ್ಣದ್ದಾದರೂ ಅವನ ಸತ್ಯಕ್ಕೆ ಕುಂದಿಲ್ಲ. ಯುದ್ಧದ ಚಿತ್ರ ಕಥೆಯಲ್ಲ, ಸಾಕ್ಷಿ. ಸಾಕ್ಷಿಯ ಬಾಯಿಗೆ ನಮ್ಮ ಮಾತು ತುರುಕಬಾರದು.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಬಣ್ಣದ ಚಿತ್ರ ಅಂದು ಅಪರೂಪವಾಗಿತ್ತು ಎಂಬುದೇ ಒಂದು ದೊಡ್ಡ ಸತ್ಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ನಾನು ಹೇಳಿದ ಸರ್ಕಾರಿ ಸಂಗ್ರಹವಿದೆ. ಅದರಲ್ಲಿ ಕಪ್ಪು ಬಿಳುಪು ನೆಗೆಟಿವ್‌ಗಳು ಒಂದೂವರೆ ಲಕ್ಷಕ್ಕೂ ಹೆಚ್ಚು, ಬಣ್ಣದವು ಸುಮಾರು 1600 ಮಾತ್ರ. ಅಷ್ಟು ಸಿರಿವಂತ ದೇಶವೂ ಬಣ್ಣವನ್ನು ಹೀಗೆ ಅಳೆದು ಸುರಿದು ಖರ್ಚು ಮಾಡಿತು. ಯಾವುದಕ್ಕೆ ಖರ್ಚು ಮಾಡಿತು? ಯುದ್ಧ ಬಂದ ಮೇಲೆ ಹೊಳೆಯುವ ಹೊಸ ವಿಮಾನಗಳಿಗೆ, ತುಟಿಗೆ ಬಣ್ಣ ಹಚ್ಚಿ ಕೂದಲು ಓರಣ ಮಾಡಿಕೊಂಡು ಯಂತ್ರದ ಮುಂದೆ ನಿಂತ ಹೆಂಗಸರಿಗೆ. ಹೆಂಗಸರನ್ನು ಕಾರ್ಖಾನೆಗೆ ಕರೆಯಲು, ಜನರಲ್ಲಿ ಹುಮ್ಮಸ್ಸು ತುಂಬಲು ಆ ಚಿತ್ರಗಳು ಬೇಕಿದ್ದವು. ಯುದ್ಧ ಮುಗಿದ ಮೇಲೆ ಅದೇ ಹೆಂಗಸರಲ್ಲಿ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ಅಂದರೆ ನಿಜವಾದ ಬಣ್ಣದ ಚಿತ್ರವೂ ಪೂರ್ತಿ ಮುಗ್ಧವಲ್ಲ. ಆದರೆ ಯಾರಿಗೆ ಬಣ್ಣ ಸಿಕ್ಕಿತು ಎಂದು ನೋಡಿದರೆ, ಆ ಕಾಲ ಯಾವುದನ್ನು ತೋರಿಸಲು ಬಯಸಿತು ಎಂಬುದಾದರೂ ತಿಳಿಯುತ್ತದೆ.

ಯಾರಿಗೆ ಸಿಗಲಿಲ್ಲ ಎಂಬುದೂ ತಿಳಿಯುತ್ತದೆ. ಕ್ಯಾಟಲಿನಾಗಳು ಬೆಳ್ಳಂದೂರಿಗೆ ಬರುತ್ತಿದ್ದ 1943ರಲ್ಲೇ ಬಂಗಾಳದಲ್ಲಿ ಕ್ಷಾಮ ಬಿತ್ತು. ಸತ್ತವರು 20ರಿಂದ 30 ಲಕ್ಷ ಎಂದು ಅಂದಾಜು. ಸುನಿಲ್ ಜಾನಾ ಅವರು ಊರೂರು ಅಲೆದು ಆ ಎಲುಬಿನ ಹಂದರಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ಚಿತ್ತಪ್ರಸಾದ್ ಕರಿ ಮಸಿಯಲ್ಲಿ ಬರೆದರು. ಆ ಹಸಿವು ನಮ್ಮ ಕಣ್ಣಿಗೆ ಬಿದ್ದದ್ದೇ ಕಪ್ಪು ಬಿಳುಪಿನಲ್ಲಿ. ಒಂದು ಕಡೆ ರೆಕ್ಕೆಯ ನಕ್ಷತ್ರಕ್ಕೆ ಕೊಡಾಕ್ರೋಮ್. ಇನ್ನೊಂದು ಕಡೆ ಗಂಜಿಯ ಸಾಲಿನಲ್ಲಿ ನಿಂತ ತಾಯಿಗೆ ಬೂದಿ ಬಣ್ಣ. ಈ ಅಂತರವನ್ನು ಯಾರೂ ಬರೆದಿಡಲಿಲ್ಲ, ಫಿಲಂ ತಾನಾಗಿಯೇ ಬರೆದಿಟ್ಟಿದೆ. ಇಂದು ಎಲ್ಲಕ್ಕೂ ಒಂದೇ ಸಮ ಬಣ್ಣ ಬಳಿದರೆ ವಿಮಾನವೂ ಹಸಿವೂ ಒಂದೇ ಆಲ್ಬಂನ ಚೆಂದದ ಚಿತ್ರಗಳಾಗುತ್ತವೆ. ಆ ಅಂತರವೇ ಅಳಿಸಿಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ.

ಬಣ್ಣ ಬಳಿಯುವುದನ್ನು ಕಾನೂನು ಮಾಡಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಹವ್ಯಾಸ ಇದ್ದವರು ಮನೆಯಲ್ಲಿ ಮಾಡಿಕೊಳ್ಳಲಿ. ಆದರೆ ಅಚ್ಚು ಹಾಕುವವರು, ಪ್ರದರ್ಶನ ಇಡುವವರು, ಮಕ್ಕಳ ಕೈಗೆ ಕೊಡುವವರು ಎರಡು ಕೆಲಸ ಮಾಡಲಿ. 'ಬಣ್ಣ ಈಚೆಗೆ ಸೇರಿಸಿದ್ದು' ಎಂದು ಚಿತ್ರದ ಕೆಳಗೇ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಲಿ. ಮೂಲಚಿತ್ರವನ್ನು ಪಕ್ಕದಲ್ಲೇ ಇಡಲಿ. ಇಷ್ಟಕ್ಕೂ ಒಪ್ಪದವರು ಅದನ್ನು ಅಪರೂಪದ ಚಿತ್ರ ಎಂದು ಕರೆಯುವುದನ್ನಾದರೂ ಬಿಡಲಿ. ಗುಂಡಿ ಒತ್ತಿದರೆ ಬರುವುದು ಅಪರೂಪ ಹೇಗಾದೀತು?

ಮೇಷ್ಟ್ರುಗಳೂ ಮೇಡಂಗಳೂ ಇನ್ನೊಂದು ಕೆಲಸ ಮಾಡಬಹುದು. ಯುದ್ಧದ ಬಣ್ಣದ ಚಿತ್ರವೊಂದನ್ನು ಮಕ್ಕಳು ತಂದು ತೋರಿಸಿದಾಗ ಎಷ್ಟು ಚೆಂದ ಎಂದು ಸುಮ್ಮನಾಗದೆ, ಈ ಬಣ್ಣ ಕ್ಯಾಮೆರಾ ಕಂಡದ್ದೋ, ಆಮೇಲೆ ಯಾರೋ ಬಳಿದದ್ದೋ ಎಂದು ಕೇಳಿ. ಆ ಒಂದು ಪ್ರಶ್ನೆ ಕೇಳಲು ಕಲಿತ ಮಗು ಮುಂದೆ ಪತ್ರಿಕೆಯನ್ನೂ, ಭಾಷಣವನ್ನೂ, ಜಾಹೀರಾತನ್ನೂ ಅದೇ ಕಣ್ಣಿನಿಂದ ನೋಡುತ್ತದೆ.