ಸಾಧ್ಯತೆಯನ್ನು ಆದಾಯವೆಂದು ಬರೆಯಬಾರದು

ಕೈಸೇರುವ ಖಾತ್ರಿಯಿಲ್ಲದ ಲಾಭವನ್ನು ಜಮಾ ಪುಟದಲ್ಲಿ ಬರೆಯಬಾರದೆಂಬುದು ವಾಣಿಜ್ಯದ ಹಳೆಯ ವಿವೇಕ. ಲೆಕ್ಕಪತ್ರ ಮಾನದಂಡ 29 ಇದನ್ನೇ ನಿಯಮವಾಗಿಸಿದೆ. ಅದರಂತೆ ಸಂಭಾವ್ಯ ಆಸ್ತಿಯನ್ನು ಲೆಕ್ಕಕ್ಕೆ ತರುವಂತಿಲ್ಲ. ಸಂಭಾವ್ಯ ಹೊಣೆಯನ್ನು ಮರೆಮಾಚುವಂತಿಲ್ಲ. ಗಿಡಮೂಲಿಕೆಗಳ ಸಾರ, ಪುಡಿ ಹಾಗೂ ಮಾತ್ರೆಗಳ ವಹಿವಾಟಿನಲ್ಲಿ ಈ ನಿಯಮ ತಲೆಕೆಳಗಾಗುವ ಅಪಾಯವಿದೆ. ಪ್ರಯೋಗಾಲಯದಲ್ಲಿ ಕಂಡ ‘ಸಾಧ್ಯತೆ’ಯು ಪೊಟ್ಟಣದ ಮೇಲೆ ಯಕೃತ್ತಿನ ಕ್ಯಾನ್ಸರ್‌ಗೆ ‘ಪರಿಹಾರ’ವಾಗಿ ಜಮೆಯಾದರೆ, ಅದರ ಹೊಣೆ ಯಾವ ಪುಟದಲ್ಲಿಯೂ ಕಾಣುವುದಿಲ್ಲ.

ಭರವಸೆ ನಿರಾಧಾರವಲ್ಲ

ಸಸ್ಯಗಳಿಂದ ಕ್ಯಾನ್ಸರ್ ಔಷಧ ದೊರೆಯುವುದೆಂಬುದು ಕೇವಲ ನಂಬಿಕೆಯಲ್ಲ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅವರು ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೇ ಅಂಶವಿದೆ. ಇದನ್ನು ಮಾರ್ಪಡಿಸಿ ತಯಾರಿಸಿದ ಟೊಪೊಟೆಕಾನ್ ಹಾಗೂ ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ, ಅಂದರೆ 30 ವರ್ಷಗಳ ಬಳಿಕ. ಅದೂ ಅಂಡಾಶಯ ಹಾಗೂ ದೊಡ್ಡ ಕರುಳಿನ ಕ್ಯಾನ್ಸರ್‌ಗೆ.

ಯಕೃತ್ತಿನ ಕ್ಯಾನ್ಸರ್‌ಗೆ ಸಂಬಂಧಿಸಿದಂತೆ ಗಮನಾರ್ಹವಾದದ್ದು ಐಕ್ಯಾರಿಟಿನ್. ಚೀನಾದ ಪಾರಂಪರಿಕ ವೈದ್ಯದಲ್ಲಿ ಬಳಕೆಯಲ್ಲಿರುವ ಎಪಿಮೀಡಿಯಮ್ ಗಿಡ ಇದರ ಮೂಲ. 2022ರ ಜನವರಿಯಲ್ಲಿ ಆ ದೇಶದ ನಿಯಂತ್ರಣ ಸಂಸ್ಥೆಯು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ, ಆಯ್ದ ಲಕ್ಷಣಗಳುಳ್ಳ ರೋಗಿಗಳಿಗೆ ಮಾತ್ರ ಇದನ್ನು ಷರತ್ತುಬದ್ಧವಾಗಿ ಅನುಮೋದಿಸಿತು. ರೋಗಿಗಳ ಮೇಲಿನ ಪರೀಕ್ಷೆಯನ್ನು ದಾಟಿಬಂದ ಶುದ್ಧ ಅಂಶಕ್ಕೇ ಇಷ್ಟು ಷರತ್ತುಗಳಿರುವಾಗ, ಪರೀಕ್ಷೆಯನ್ನೇ ಕಾಣದ ಪುಡಿಗೆ ಷರತ್ತಿಲ್ಲದ ಪ್ರಶಂಸೆ ಸಲ್ಲದು.

ಅರಿಶಿನದ ಲೆಕ್ಕ

ಚಾಮರಾಜನಗರದ ಬೆಳೆಗಾರರಿಂದ ಹಿಡಿದು ಸಾರ ತೆಗೆಯುವ ಘಟಕಗಳವರೆಗೆ ಅನೇಕರ ಜೀವನೋಪಾಯ ಅರಿಶಿನವನ್ನು ಅವಲಂಬಿಸಿದೆ. ಅದರಲ್ಲಿನ ಕರ್ಕ್ಯುಮಿನ್, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಕೃತ್ತಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುವುದು ನಿಜ. ಆದರೆ ಬಾಯಿಯ ಮೂಲಕ ಸೇವಿಸಿದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. 120ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳು ನಡೆದಿದ್ದರೂ, ಕಟ್ಟುನಿಟ್ಟಾದ ತುಲನಾತ್ಮಕ ಪರೀಕ್ಷೆಯಲ್ಲಿ ಯಾವ ಕಾಯಿಲೆಗೂ ಅದು ಯಶಸ್ಸು ಕಂಡಿಲ್ಲವೆಂದು 2017ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವೊಂದು ತೀರ್ಮಾನಿಸಿತು.

ಹೀರಿಕೆ ಹೆಚ್ಚಿಸಲೆಂದು ತಯಾರಕರು ಕರಿಮೆಣಸಿನ ಪೈಪೆರಿನ್ ಬೆರೆಸತೊಡಗಿದರು. ಹೊಣೆಯ ಪುಟ ತೆರೆಯುವುದು ಇಲ್ಲಿಯೇ. ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೇ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರ ಜಾಲವೊಂದು ದಾಖಲಿಸಿತು. ಅವುಗಳಲ್ಲಿ ಕೆಲವಲ್ಲಿ ಪೈಪೆರಿನ್ ಕೂಡ ಇತ್ತು. 2022ರಲ್ಲಿ ಇಟಲಿ ಸರ್ಕಾರ ಇಂತಹ ಉತ್ಪನ್ನಗಳ ಮೇಲೆ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಅಡುಗೆಮನೆಯ ಚಿಟಿಕೆ ಅರಿಶಿನಕ್ಕೂ ಸಾಂದ್ರೀಕರಿಸಿದ ಮಾತ್ರೆಗೂ ಇರುವ ಅಂತರ ಅಷ್ಟಿದೆ.

ಇದಕ್ಕಿಂತ ದೊಡ್ಡ ನಷ್ಟ ಯಾವ ಬಾಬಿನಲ್ಲಿಯೂ ದಾಖಲಾಗದು. ಗೆಡ್ಡೆ ಚಿಕ್ಕದಿರುವಾಗಲೇ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ರೋಗಿ ಪೊಟ್ಟಣವನ್ನು ನಂಬಿ ಆರು ತಿಂಗಳು ಕಳೆದರೆ, ಆ ಕಾಲವನ್ನು ಯಾವ ಮರುಪಾವತಿಯೂ ತುಂಬಿಕೊಡದು.

ಕಾನೂನು ಮತ್ತು ಕಣಜ

ಕ್ಯಾನ್ಸರ್ ವಾಸಿಮಾಡುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 1954ರಲ್ಲಿಯೇ ನಿಷೇಧಿಸಿದೆ. ಆಹಾರ ಪದಾರ್ಥಗಳ ಕುರಿತ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಬೇರೆಯವರಿಂದ ಮಾಲು ತರಿಸಿ ತಮ್ಮ ಹೆಸರಿನ ಚೀಟಿ ಅಂಟಿಸುವ ಸಣ್ಣ ವ್ಯಾಪಾರಿಯೂ ಈ ಹೊಣೆಯಿಂದ ಹೊರತಲ್ಲ.

ಹಾಗೆಂದು ಈ ಕ್ಷೇತ್ರದಲ್ಲಿ ಪ್ರಾಮಾಣಿಕ ಲಾಭಕ್ಕೆ ಎಡೆಯಿಲ್ಲವೆಂದಲ್ಲ. ಸಂಶೋಧನಾ ಸಂಸ್ಥೆಗಳಿಗೆ ಬೇಕಾಗಿರುವುದು ಪ್ರತಿ ತಂಡದಲ್ಲಿಯೂ ಒಂದೇ ಪ್ರಮಾಣದ ಅಂಶವಿರುವ, ಸೀಸದ ಕಲಬೆರಕೆಯಿಲ್ಲದ, ಪರೀಕ್ಷಾ ವರದಿಸಹಿತವಾದ ಸಾರ. ಅಂತಹ ಶುದ್ಧತೆಗೆ ಬೆಲೆಯಿದೆ.

ಯಕೃತ್ತಿನ ಕ್ಯಾನ್ಸರ್ ವಿಷಯದಲ್ಲಿ ವರ್ತಕರ ಕೈಯಲ್ಲಿ ಇಂದೇ ಇರುವ ಉಪಾಯವೊಂದಿದೆ. ತೇವ ಉಳಿದ ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿಗಳಲ್ಲಿ ಬೆಳೆಯುವ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಈ ಕಾಯಿಲೆಯ ಸಾಬೀತಾದ ಕಾರಣಗಳಲ್ಲೊಂದು. ಹೆಪಟೈಟಿಸ್-ಬಿ ಸೋಂಕುಳ್ಳವರಲ್ಲಿ ಅದರ ಅಪಾಯ ಅನೇಕ ಪಟ್ಟು ಹೆಚ್ಚು. ಕಣದಲ್ಲಿ ಚೆನ್ನಾಗಿ ಒಣಗಿಸುವುದು, ಗೋದಾಮಿನಲ್ಲಿ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಪೇರಿಸುವುದು, ಬೂಷ್ಟು ಹಿಡಿದ ಮಾಲನ್ನು ಅಗ್ಗದ ದರಕ್ಕೆ ಸಾಗಹಾಕದಿರುವುದು: ಇವು ಪೊಟ್ಟಣದ ಮೇಲೆ ಮುದ್ರಿಸಿ ಮಾರುವಂತಹ ಮಾತುಗಳಲ್ಲ. ಆದರೆ ಇವುಗಳ ಫಲ ಸಂಭಾವ್ಯವಲ್ಲ, ನಿಶ್ಚಿತ. ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರಿಗೆ ಚೀಟಿಯ ಒಕ್ಕಣೆ ಮತ್ತು ಗೋದಾಮಿನ ತೇವಾಂಶ, ಈ ಎರಡರ ಕುರಿತೂ ತರಬೇತಿ ಏರ್ಪಡಿಸುವುದು ಅಗತ್ಯ. ಜಮಾ ಪುಟದಲ್ಲಿ ಧೈರ್ಯವಾಗಿ ಬರೆಯಬಹುದಾದ ಸೇವೆ ಅದು.