ಬಳಚಿಗೂ ಹೊಳೆಯಲ್ಲಿ ಪಾಲಿದೆ

‘ಸಮುದ್ರಕ್ಕೆ ವ್ಯರ್ಥವಾಗಿ ಹರಿದುಹೋಗುವ ನೀರು’ ಎಂಬ ಮಾತನ್ನು ಘಟ್ಟದ ಮೇಲಿನ ನಾವು ಪದೇ ಪದೇ ಕೇಳುತ್ತಿದ್ದೇವೆ. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಗಳು ನಿಂತಿರುವುದೇ ಈ ಮಾತಿನ ಮೇಲೆ. ಕೃಷಿ ವಿಜ್ಞಾನ ಓದಿದ ನಾನೂ ಒಂದು ಕಾಲದಲ್ಲಿ ಇದನ್ನು ನಂಬಿದ್ದೆ. ಇದು ಸುಳ್ಳೆಂಬುದಕ್ಕೆ ಅಳಿವೆಯ ಕೆಸರಿನಲ್ಲಿ ಹುದುಗಿರುವ ಬಳಚೇ ಸಾಕ್ಷಿ.

ಬಳಚುಗಳಲ್ಲಿ ಸೈರೆನಿಡೇ ಎಂಬುದೊಂದು ಕುಟುಂಬ. ಅದರ ಕೊರ್ಬಿಕ್ಯುಲಾ ಸಿಹಿನೀರಿನ ಹೊಳೆಗಳ ಮರಳಿನಲ್ಲಿ ಬಾಳುತ್ತದೆ. ಕಪ್ಪು ಚಿಪ್ಪಿನ ವಿಲ್ಲೊರಿಟಾ ಪಶ್ಚಿಮ ಕರಾವಳಿಯ ಹಿನ್ನೀರುಗಳಲ್ಲಿ, ಸಿಹಿ ಮತ್ತು ಉಪ್ಪು ಬೆರೆಯುವೆಡೆಯಲ್ಲಿ ನೆಲೆಸಿದೆ. ದೊಡ್ಡ ಗಾತ್ರದ ಗೆಲೊಯ್ನಾ ಕಾಂಡ್ಲಾ ಕಾಡಿನ ಕೆಸರನ್ನು ಆಶ್ರಯಿಸಿದೆ. ನೀರನ್ನು ಒಳಗೆಳೆದು, ಸೋಸಿ, ಆಹಾರವನ್ನಷ್ಟೇ ಉಳಿಸಿಕೊಂಡು ಹೊರಬಿಡುವುದು ಇವುಗಳ ಬದುಕು. ಮೀನಿನಂತೆ ಬೇರೆಡೆಗೆ ಈಜಿ ಹೋಗಲು ಇವುಗಳಿಗೆ ಸಾಧ್ಯವಿಲ್ಲ. ನೀರಿನ ಗುಣ ಕೆಟ್ಟರೆ ಇದ್ದಲ್ಲಿಯೇ ಸಾಯುತ್ತವೆ.

ಕೇರಳದ ವೆಂಬನಾಡು ಸರೋವರವನ್ನು ನೋಡಿ. ಕುಟ್ಟನಾಡಿನ ಭತ್ತದ ಗದ್ದೆಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗದಂತೆ ತಡೆಯಲು 1976ರಲ್ಲಿ ತಣ್ಣೀರುಮುಕ್ಕಂ ಒಡ್ಡು ಕಾರ್ಯಾರಂಭ ಮಾಡಿತು. ಬೆಳೆದ ಕಪ್ಪು ಬಳಚು ಸಿಹಿನೀರನ್ನು ತಾಳಿಕೊಳ್ಳಬಲ್ಲದು; ಅದರ ಮರಿಗಳಿಗಾದರೋ ಒಂದಿಷ್ಟು ಉಪ್ಪು ಬೇಕೇ ಬೇಕು. ಒಡ್ಡಿನ ದಕ್ಷಿಣಕ್ಕೆ ಬಳಚಿನ ಸಂತತಿ ಕುಗ್ಗಿತು. ಕುಟ್ಟನಾಡಿನ ಹುಳಿಮಣ್ಣನ್ನು ಸರಿಪಡಿಸಲು ರೈತರು ಬಳಸುತ್ತ ಬಂದ ಸುಣ್ಣವಾದರೂ ಇದೇ ಬಳಚಿನ ಚಿಪ್ಪಿನದು! ಭತ್ತವನ್ನು ಕಾಯಲು ಹೊರಟ ನಮ್ಮ ವಿಜ್ಞಾನ, ಭತ್ತಕ್ಕೆ ಸುಣ್ಣ ಕೊಟ್ಟ ಜೀವಿಯನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ.

ಶರಾವತಿಯಲ್ಲಿ ನಡೆದದ್ದು ಇದರ ಇನ್ನೊಂದು ಮುಖ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಬಳಿಕ, ವಿದ್ಯುತ್ತಿಗಾಗಿ ಬಿಟ್ಟ ನೀರು ಬೇಸಿಗೆಯಲ್ಲಿಯೂ ಕೆಳಗಿಳಿಯತೊಡಗಿತು. ಹೊನ್ನಾವರದ ಅಳಿವೆ ತನ್ನ ಸಹಜ ಉಪ್ಪನ್ನು ಕಳೆದುಕೊಂಡಿತು. ಹೆಚ್ಚು ಉಪ್ಪು ಬೇಡುವ ಬಳಚುಗಳು ಅಲ್ಲಿಂದ ಕಣ್ಮರೆಯಾಗುತ್ತ ಬಂದವು. ಒಂದು ಕಡೆ ಉಪ್ಪನ್ನು ತಡೆದರು, ಇನ್ನೊಂದು ಕಡೆ ಸಿಹಿಯನ್ನು ಅಕಾಲದಲ್ಲಿ ಸುರಿದರು. ಎರಡರಲ್ಲಿಯೂ ಮುರಿದದ್ದು ಋತುಮಾನದ ಲಯ.

ಆ ಲಯ ಇನ್ನೂ ಉಳಿದಿರುವುದು ಅಘನಾಶಿನಿಯಲ್ಲಿ. ಶಿರಸಿಯಲ್ಲಿ ಹುಟ್ಟಿ ಕುಮಟಾ ಬಳಿ ಕಡಲು ಸೇರುವ ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ. 2008ರ ಅಧ್ಯಯನವೊಂದರ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಬಳಚು ದೊರೆಯುತ್ತಿತ್ತು. 2,300ಕ್ಕೂ ಹೆಚ್ಚು ಜನ ಇದರಲ್ಲಿ ತೊಡಗಿದ್ದರು. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸಿಗೆ ಭೂಮಿಯಿಲ್ಲ, ಪಹಣಿಯಿಲ್ಲ; ಅಳಿವೆಯೇ ಅವಳ ಗದ್ದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣವಾಯಿತು. ಕೆಳಗೆ ಅಂತರರಾಷ್ಟ್ರೀಯ ಮನ್ನಣೆ ಪಡೆದು, ಮೇಲೆ ನೀರನ್ನೇ ತಿರುಗಿಸುವುದಾದರೆ ಆ ಮನ್ನಣೆಗೆ ಅರ್ಥವೇನು?

‘ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಒಯ್ಯುತ್ತೇವೆ’ ಎನ್ನುತ್ತಾರೆ. ಮಳೆಗಾಲದ ನೆರೆಯೇ ಅಳಿವೆಗೆ ಹೂಳನ್ನೂ ಪೋಷಕಾಂಶವನ್ನೂ ತಂದು ಹಾಕುವುದು. ಅದನ್ನು ಹೆಚ್ಚುವರಿ ಎಂದು ತೀರ್ಮಾನಿಸಿದವರು ಯಾರು? ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅಲ್ಲಿಯ ಕೆರೆಗಳ ಹೂಳೆತ್ತದೆ, ಬೀಳುವ ಮಳೆಯನ್ನು ಹಿಡಿಯದೆ, ಘಟ್ಟವನ್ನು ಕೊರೆಯಹೊರಡುವುದು ಬಾಯಾರಿಕೆಗೆ ಉತ್ತರವಲ್ಲ.

ಘಟ್ಟದ ಕಾಡಿಗಾಗಿ ಹೋರಾಡಿದ ನಾವು ಹೊಳೆಯ ಕೊನೆಯನ್ನು ಮರೆತಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಗ್ರಾಮಸಭೆಗಳ ನಿರ್ಣಯಗಳಲ್ಲಿ ಬಳಚು ಹೆಕ್ಕುವವರ ಹೆಸರೂ ಇರಲಿ. ವಿದ್ಯಾರ್ಥಿಗಳೇ, ಒಮ್ಮೆ ಇಳಿತದ ಹೊತ್ತಿಗೆ ಅಳಿವೆಗೆ ಇಳಿಯಿರಿ. ಅಲ್ಲಿಯ ಕೆಸರಿನಲ್ಲಿ ನಿಂತವರೊಡನೆ ಮಾತನಾಡಿ ಬಂದ ಮೇಲೆ, ಯಾವ ನೀರು ವ್ಯರ್ಥವೆಂದು ನೀವೇ ಹೇಳಿ.